ಭೂಕಂಪದ ನಂತರ ಎಂಜಿನಿಯರ್ ಮಾಡುವುದೇನು? – ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಕುಮಟಾದಲ್ಲಿ ಕಟ್ಟಡ ಕಾಮಗಾರಿಗಳ ಉಸ್ತುವಾರಿ ನೋಡಿಕೊಳ್ಳುವ ಸಿವಿಲ್ ಎಂಜಿನಿಯರ್. ದೊಡ್ಡ ಭೂಕಂಪವಾದ ಊರುಗಳಲ್ಲಿ ಮನೆಬಾಗಿಲಿಗೆ ಕೆಂಪು, ಹಳದಿ, ಹಸಿರು ಚೀಟಿ ಅಂಟಿಸುವುದನ್ನು ಟಿ.ವಿ.ಯಲ್ಲಿ ನೋಡಿದ್ದೇನೆ. ಎಂಜಿನಿಯರುಗಳ ಕೆಲಸ ಅಷ್ಟೇ ಏನು? ನನ್ನಂಥವರು ಅಲ್ಲಿಗೆ ಹೋದರೆ ಉಪಯೋಗವಾದೀತೇ?
– ಓದುಗರು, ಕುಮಟಾ

ಉತ್ತರ: ಚೀಟಿ ಕೆಲಸದ ಆರಂಭ ಮಾತ್ರ. ಕ್ಯಾಲಿಫೋರ್ನಿಯಾದಲ್ಲಿ 1989ರಲ್ಲಿ ಪ್ರಕಟವಾದ ‘ಎಟಿಸಿ–20’ ಮಾರ್ಗಸೂಚಿಯಿಂದ ಈ ಪದ್ಧತಿ ಹಬ್ಬಿತು. ಹಸಿರಿದ್ದರೆ ಒಳಗೆ ಹೋಗಬಹುದು, ಹಳದಿಯಿದ್ದರೆ ಬಳಕೆಗೆ ಮಿತಿಯುಂಟು, ಕೆಂಪಿದ್ದರೆ ಕಾಲಿಡಬಾರದು. ಕೆಂಪು ಚೀಟಿ ಎಂದರೆ ಮನೆ ಕೆಡವಬೇಕೆಂಬ ಆದೇಶವೆಂದು ಬಹಳ ಜನ ತಿಳಿಯುತ್ತಾರೆ. ಹಾಗಲ್ಲ, ಅದು ಸದ್ಯದ ಅಪಾಯವನ್ನಷ್ಟೇ ಹೇಳುತ್ತದೆ. ಹಸಿರು ಚೀಟಿಯೂ ಶಾಶ್ವತವಲ್ಲ. ನೇಪಾಳದಲ್ಲಿ 2015ರ ಏಪ್ರಿಲ್ 25ರಂದು 7.8 ತೀವ್ರತೆಯ ಭೂಕಂಪವಾದ ಮೇಲೆ ಮೇ 12ರಂದು 7.3 ತೀವ್ರತೆಯ ಮತ್ತೊಂದು ಕಂಪನ ಬಂತು. ಅಂಥ ಹೊಡೆತದ ನಂತರ ಒಮ್ಮೆ ನೋಡಿದ ಮನೆಯನ್ನೇ ಮತ್ತೆ ನೋಡಬೇಕಾಗುತ್ತದೆ.

ನೋಡುವ ಕಣ್ಣು ಬೇಕಾಗುವುದು ಇಲ್ಲಿ. ಪಿಲ್ಲರ್ ಕಟ್ಟಡದಲ್ಲಿ ಬೀಮಿಗೂ ಇಟ್ಟಿಗೆ ಗೋಡೆಗೂ ನಡುವೆ ಎದ್ದ ಕೂದಲೆಳೆಯ ಬಿರುಕು ಮನೆಯವರನ್ನು ಎಷ್ಟೇ ಹೆದರಿಸಿದರೂ ಸಾಮಾನ್ಯವಾಗಿ ಅಪಾಯಕಾರಿಯಲ್ಲ. ಆದರೆ ಪಿಲ್ಲರಿನ ತಲೆಯ ಬಳಿ ಓರೆಯಾದ ಸೀಳು ಕಂಡರೆ, ಕಾಂಕ್ರೀಟ್ ಉದುರಿ, ಸರಳುಗಳನ್ನು ಸುತ್ತಿ ಹಿಡಿಯುವ ಎರಡು ರಿಂಗುಗಳ ನಡುವೆ ಸರಳು ಹೊರಕ್ಕೆ ಬಾಗಿದ್ದರೆ, ಮೊದಲು ಜನರನ್ನು ಹೊರಗೆ ಕಳುಹಿಸಿ, ಆಮೇಲೆ ಊರೆ (ಆಧಾರದ ಕಂಬ) ಕೊಡುವ ಮಾತು. ಹೊರಗಿನ ಗಿಲಾವು ಮಾತ್ರ ಬಿದ್ದಿದೆಯೇ, ಒಳಗಿನ ಕಾಂಕ್ರೀಟೇ ಪುಡಿಯಾಗಿದೆಯೇ ಎಂಬುದನ್ನು ಕೆರೆದು ನೋಡದೆ ತೀರ್ಮಾನಿಸಬಾರದು.

ಇದರ ನಂತರ ಬರುವ ವಿವರವಾದ ತಪಾಸಣೆ, ದುರಸ್ತಿಯ ಅಂದಾಜು ಮತ್ತು ಮರುನಿರ್ಮಾಣದ ಉಸ್ತುವಾರಿಗೆ ವರ್ಷಗಳೇ ಹಿಡಿಯುತ್ತವೆ. ಕ್ಯಾಮೆರಾಗಳು ಆಗ ಊರಿನಲ್ಲಿ ಇರುವುದಿಲ್ಲ. ನೇಪಾಳ ಸರ್ಕಾರ ಮನೆ ಕಟ್ಟಿಕೊಳ್ಳಲು ಕೊಟ್ಟ 3 ಲಕ್ಷ ನೇಪಾಳಿ ರೂಪಾಯಿಯನ್ನು ಕಂತುಗಳಲ್ಲಿ ಬಿಡುಗಡೆ ಮಾಡಿತು; ಮುಂದಿನ ಕಂತು ಕೈಸೇರಬೇಕಾದರೆ ಅಲ್ಲಿಯವರೆಗಿನ ಕೆಲಸ ನಿಯಮದಂತೆ ಆಗಿದೆಯೆಂದು ಎಂಜಿನಿಯರ್ ನೋಡಿ ಒಪ್ಪಬೇಕಿತ್ತು.

ನನ್ನ ಮಟ್ಟಿಗೆ, ಎಂಜಿನಿಯರಿನಿಂದ ಆಗುವ ದೊಡ್ಡ ಉಪಕಾರವೆಂದರೆ ಉಳಿಸಬಹುದಾದ ಮನೆಯನ್ನು ಉಳಿಸುವುದು. 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಲಾತೂರಿನ ಕಿಲ್ಲಾರಿ ಸೀಮೆಯಲ್ಲಿ ಭೂಕಂಪವಾದಾಗ ಮಣ್ಣಿನ ಗಾರೆಯ ದಪ್ಪ ಕಲ್ಲುಗೋಡೆಗಳೂ ಮಣ್ಣು ಹೇರಿದ ಭಾರದ ಮಾಳಿಗೆಗಳೂ ಕುಸಿದು ಸಾವಿರಾರು ಜನ ಸತ್ತರು. ಆಮೇಲೆ ಜನರಿಗೆ ಕಲ್ಲೆಂದರೇ ಭಯವಾಯಿತು. ನಿಜವಾದ ದೋಷವಿದ್ದದ್ದು ಒಳಮೈ, ಹೊರಮೈಗಳನ್ನು ಬಿಗಿಯುವ ಅಡ್ಡಗಲ್ಲುಗಳಿಲ್ಲದ ಕಟ್ಟೋಣದಲ್ಲಿ. ಅದಕ್ಕೆ ಮದ್ದುಂಟು: ಗೋಡೆಯ ಕಲ್ಲುಗಳನ್ನು ಕುಟ್ಟದೆ ಮೆಲ್ಲನೆ ಬಿಡಿಸಿ ಆರಪಾರ ತೂತು ಮಾಡಿ, ಎರಡೂ ತುದಿಗೆ ಕೊಕ್ಕೆ ಬಗ್ಗಿಸಿದ ಸರಳನ್ನಿಟ್ಟು ಕಾಂಕ್ರೀಟ್ ತುಂಬಿದರೆ ಅದೇ ಅಡ್ಡಗಲ್ಲಿನ ಕೆಲಸ ಮಾಡುತ್ತದೆ. ಕಲ್ಲು, ಇಟ್ಟಿಗೆ ಗೋಡೆಯ ಕಟ್ಟಡಗಳ ದುರಸ್ತಿ, ಬಲವರ್ಧನೆಗೆಂದೇ ಇರುವ ಐಎಸ್ (ಭಾರತೀಯ ಮಾನಕ) 13935 ಸಂಹಿತೆಯನ್ನು ನೀವು ಈಗಲೇ ಓದಿಡಿ.

ಹೋಗುವ ಮಾತಿಗೆ ಬಂದರೆ, ಆಡಳಿತವೋ ವೃತ್ತಿಸಂಘವೋ ಕರೆದರೆ ಮಾತ್ರ ಹೋಗಿ. ಕರೆಯದೆ ಹೋದವರಿಗೂ ಊಟ, ಡೇರೆಯನ್ನು ಆ ಊರಿನವರೇ ಹೊಂದಿಸಬೇಕಾಗುತ್ತದೆ. ಹೋದಲ್ಲಿ ಸ್ಥಳೀಯ ಮೇಸ್ತ್ರಿಯೊಬ್ಬರನ್ನು ಜೊತೆಗಿಟ್ಟುಕೊಳ್ಳಿ. ಅಲ್ಲಿನ ಗೋಡೆಯೊಳಗೆ ಏನಿದೆಯೆಂದು ಅವರಿಗೆ ಗೊತ್ತಿರುತ್ತದೆ.

ಪ್ರಶ್ನೆ: ನಮ್ಮದು ಚಿರೇಕಲ್ಲಿನ ಹಳೆಯ ಹೆಂಚಿನ ಮನೆ. ಮಳೆಗಾಲದ ನಂತರ ಒಂದು ಮೂಲೆಯಲ್ಲಿ ಬಿರುಕು ಕಂಡಿದೆ. ನಮ್ಮ ಜಿಲ್ಲೆಯಲ್ಲೂ ಭೂಕಂಪದ ಚಿಂತೆ ಮಾಡಬೇಕೇ?
– ಓದುಗರು, ಶಿರಸಿ

ಉತ್ತರ: ಎಚ್ಚರ ಬೇಕು, ಗಾಬರಿ ಬೇಡ. ಭೂಕಂಪ ತಾಳುವ ಕಟ್ಟಡ ವಿನ್ಯಾಸದ ಐಎಸ್ 1893 ಸಂಹಿತೆಯ 2016ರ ಆವೃತ್ತಿಯಲ್ಲಿ ಕಾರವಾರ ಮೂರನೆಯ ವಲಯದಲ್ಲಿದೆ, ಅಂದರೆ ಮಧ್ಯಮ ಅಪಾಯ. ಹೆಂಚಿನ ಮಾಡು ಹಗುರವಾದ್ದರಿಂದ ಅನುಕೂಲವೇ. ಆದರೆ ಮಾಡಿನ ಕೆಳಗಿನ ತ್ರಿಕೋನದ ಗೋಡೆಗೆ ಆಧಾರ ಕಡಿಮೆ, ಅಲುಗಾಟದಲ್ಲಿ ಮೊದಲು ಬೀಳುವ ಭಾಗಗಳಲ್ಲಿ ಅದೂ ಒಂದು. ಪಕಾಸಿಗಳನ್ನು ಗೋಡೆಯ ಮೇಲಿನ ತೊಲೆಗೆ ಬಿಗಿದು, ಆ ತ್ರಿಕೋನವನ್ನೂ ಮಾಡಿನ ಮರಕ್ಕೆ ಕಟ್ಟಿಸಿ.

ನಿಮ್ಮ ಬಿರುಕಿಗೆ ಮಣ್ಣು ಕುಸಿದು ಪಂಚಾಂಗ (ಅಡಿಪಾಯ) ತಗ್ಗಿದ್ದೇ ಕಾರಣವಿರಬಹುದು. ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿಯೊಂದನ್ನು ಸಿಮೆಂಟಿನಿಂದ ಎರಡೂ ಬದಿಗೆ ಅಂಟಿಸಿ ದಿನಾಂಕ ಬರೆದಿಡಿ. ಗಾಜು ಒಡೆದರೆ ಬಿರುಕು ಇನ್ನೂ ಬೆಳೆಯುತ್ತಿದೆ ಎಂದರ್ಥ. ಆಗ ಗಿಲಾವು ಬಳಿದು ಮುಚ್ಚದೆ ಎಂಜಿನಿಯರನ್ನು ಕರೆಸಿ, ಮನೆಯ ಸುತ್ತ ಮಳೆನೀರು ಎಲ್ಲಿ ನಿಲ್ಲುತ್ತದೆಂಬುದನ್ನೂ ತೋರಿಸಿ.