9ನೇ ತರಗತಿಯಿಂದಲೇ ಅಮೆರಿಕದ ಕಾಲೇಜಿಗೆ ತಯಾರಿ ಹೇಗೆ?

ಮಗಳು ಈಗ 9ನೇ ತರಗತಿ, ಪಿಯುಸಿ ಮುಗಿಸಿ ಅಮೆರಿಕದಲ್ಲಿ ಪದವಿ ಓದುವ ಆಸೆ ಎಂದಿದ್ದೀರಿ.

ಮೊದಲು ಅಂಕಪಟ್ಟಿ. ನಮ್ಮಲ್ಲಿ 9ನೇ ತರಗತಿಯ ಅಂಕ ಯಾರೂ ಕೇಳುವುದಿಲ್ಲ. ಅಲ್ಲಿನ ಕಾಲೇಜುಗಳು ಸಾಮಾನ್ಯವಾಗಿ 9ರಿಂದ 12ರವರೆಗೆ ನಾಲ್ಕೂ ವರ್ಷದ್ದನ್ನು ನೋಡುತ್ತವೆ. ಎಸ್ಸೆಸ್ಸೆಲ್ಸಿ ಆದಮೇಲೆ ಪಿಯು ಕಾಲೇಜು ಬೇರೆಯಾದರೆ ಹಳೆಯ ಶಾಲೆಗೆ ಅಲೆದಾಟ ತಪ್ಪಿದ್ದಲ್ಲ. ಶಾಲೆ ಬಿಡುವ ಮುನ್ನವೇ ಅಂಕಪಟ್ಟಿಗಳಿಗೆ ಸಹಿ, ಮೊಹರು ಹಾಕಿಸಿಕೊಳ್ಳಿ. ಮೇಷ್ಟ್ರು ಬರೆದುಕೊಡುವ ಶಿಫಾರಸು ಪತ್ರಕ್ಕೂ ಇದೇ ತೊಡಕು: ಅರ್ಜಿ ಹಾಕುವುದು ದ್ವಿತೀಯ ಪಿಯುವಿನ ನಡುವೆ, ಅಷ್ಟರಲ್ಲಿ ಪಿಯು ಕಾಲೇಜಿನ ಮೇಷ್ಟ್ರಿಗೆ ಹುಡುಗಿಯ ಪರಿಚಯ ಒಂದೂವರೆ ವರ್ಷದ್ದೂ ಆಗಿರುವುದಿಲ್ಲ. ಹಾಗಾಗಿ ಸೇರಿದ ದಿನದಿಂದಲೇ ತರಗತಿಯಲ್ಲಿ ಬಾಯಿಬಿಟ್ಟು ಪ್ರಶ್ನೆ ಕೇಳಲಿ.

ಕಾಮನ್ ಆ್ಯಪ್ (ಅಮೆರಿಕದ ಹಲವು ಕಾಲೇಜುಗಳಿಗೆ ಒಟ್ಟಿಗೆ ಸಲ್ಲುವ ಆನ್‌ಲೈನ್ ಅರ್ಜಿ) ಅರ್ಜಿಯಲ್ಲಿ 10 ಚಟುವಟಿಕೆಗಳಿಗೆ ಜಾಗವಿದೆ, ಹತ್ತನ್ನೂ ತುಂಬಲೇಬೇಕೆಂದಿಲ್ಲ. ವೀಣೆಯೋ, ಖೋಖೋವೋ, ಊರ ಕೆರೆಯ ಹಕ್ಕಿಗಳ ಲೆಕ್ಕವೋ, ಎರಡು ಮೂರನ್ನು ಬಿಡದೆ ಮಾಡಲಿ. ದುಡ್ಡು ಕೊಟ್ಟು ತಂದ ಸರ್ಟಿಫಿಕೇಟುಗಳ ರಾಶಿ ನನಗಂತೂ ದಂಡ ಅನ್ನಿಸುತ್ತದೆ. ಎಸ್‌ಎಟಿ ಎಂಬ ಕಾಲೇಜು ಪ್ರವೇಶದ ಪರೀಕ್ಷೆಯ ಬಗ್ಗೆ 11ನೇ ತರಗತಿಯಲ್ಲಿ ಯೋಚಿಸಿದರೆ ಸಾಕು. ಅಮೆರಿಕದ ಹೆಸರಾಂತ ತಂತ್ರಜ್ಞಾನ ವಿಶ್ವವಿದ್ಯಾಲಯ ಎಂಐಟಿಗೆ ಎಸ್‌ಎಟಿ ಅಥವಾ ಅದರಂಥದ್ದೇ ಇನ್ನೊಂದು ಪರೀಕ್ಷೆ ಎಸಿಟಿ ಕಡ್ಡಾಯ, ಎಷ್ಟೋ ಕಾಲೇಜುಗಳಿಗೆ ಅಲ್ಲ.

ಇನ್ನು ಹಣ. ವಿದೇಶಿ ವಿದ್ಯಾರ್ಥಿಗೂ ಅಗತ್ಯವಿದ್ದಷ್ಟು ಪೂರ್ತಿ ನೆರವು ಕೊಡುವ ಕಾಲೇಜುಗಳು ಕೆಲವೇ. ಮನೆಯಿಂದ ಎಷ್ಟು ಹಾಕಬಲ್ಲಿರಿ ಎಂಬುದನ್ನು ಮಗಳಿಗೆ ಈಗಲೇ ಹೇಳಿಬಿಡಿ.