ಸ್ವಸ್ತಿಕ ಕಾಣದಿದ್ದರೆ ನಾಜಿ ಸಿನಿಮಾ ಅಲ್ಲವೇ?

ಪ್ರಶ್ನೆ: ಯುದ್ಧಕಾಲದ ಒಂದು ಜರ್ಮನ್ ಕ್ರೈಂ ಸಿನಿಮಾ ನೋಡಿದೆ. ರೇಸ್ ಕಾರು ಕಾರ್ಖಾನೆ, ಒಂದು ಕೊಲೆ, ತನಿಖೆ. ಸ್ವಸ್ತಿಕವೂ ಇಲ್ಲ, ಹಿಟ್ಲರ್ ಹೆಸರೂ ಇಲ್ಲ. ಸುಮ್ನೆ ಮನರಂಜನೆ ಅಲ್ವಾ?

ಉತ್ತರ: ಈ ಪ್ರಶ್ನೆ ಬರದ ತಿಂಗಳಿಲ್ಲ. ಬಾವುಟ ಎಣಿಸುವುದನ್ನು ದಯವಿಟ್ಟು ಬಿಡಿ. 1934ರ ಸಿನಿಮಾ ಕಾನೂನು ಚಿತ್ರಕಥೆ ಓದಲೆಂದೇ ಒಬ್ಬ ಅಧಿಕಾರಿಯನ್ನು ಕೂರಿಸಿತು. 1936ರಲ್ಲಿ ಕಲಾ ವಿಮರ್ಶೆಯನ್ನೇ ನಿಷೇಧಿಸಿದರು. ಜನ ನಗಬೇಕು, ಮೈಮರೆಯಬೇಕು ಅನ್ನುವುದು ಹಿಟ್ಲರನ ಪ್ರಚಾರ ಮಂತ್ರಿ ಗೋಬೆಲ್ಸ್‌ಗೂ ಬೇಕಿತ್ತು.

ನೀವು ನೋಡಬೇಕಾದ್ದು ಪೊಲೀಸ್ ಪಾತ್ರವನ್ನು. 1939ರ ಸೆಪ್ಟೆಂಬರ್‌ನಲ್ಲಿ ಅಪರಾಧ ಪೊಲೀಸರನ್ನೂ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೋವನ್ನೂ ನಾಜಿ ಮುಖಂಡ ಹೈಡ್ರಿಖ್ ಕೈಕೆಳಗೆ ಒಂದೇ ಕಚೇರಿಗೆ ಸೇರಿಸಿದರು. ಪರದೆಯ ಮೇಲಿನ ಇನ್‌ಸ್ಪೆಕ್ಟರ್ ಮಾತ್ರ ಸಂಭಾವಿತ, ಬುದ್ಧಿವಂತ. ಹೆದ್ದಾರಿಯಲ್ಲಿ ಕಾರು ಅಡ್ಡಗಟ್ಟಿ ದೋಚುತ್ತಿದ್ದ ಗ್ಯೋಟ್ಸೆ ಸಹೋದರರ ಪ್ರಕರಣ ನೋಡಿ. 1938ರ ಜೂನ್‌ನಲ್ಲಿ ಅಂಥ ದರೋಡೆಗೆ ಮರಣದಂಡನೆ ಎಂದು ಕಾನೂನು ತಂದು, 1936ರಿಂದಲೇ ಜಾರಿ ಅಂದರು. ಅಪರಾಧ ಆದ ಮೇಲೆ ಹುಟ್ಟಿದ ಕಾನೂನು! ಮರುವರ್ಷವೇ ಆ ಪ್ರಕರಣ ಪೊಲೀಸರನ್ನು ಹೊಗಳುವ ಸಿನಿಮಾ ಆಯಿತು.

ಇನ್ನು ರೇಸಿಂಗ್. ಮರ್ಸಿಡಿಸ್, ಆಟೋ ಯೂನಿಯನ್ ಎಂಬ ಜರ್ಮನ್ ಕಾರು ಕಂಪನಿಗಳ ರೇಸ್ ತಂಡಗಳೆರಡೂ ಸರ್ಕಾರದ ಹಣ ಪಡೆದು ಓಡಿದವು. ಅವುಗಳ ಕೊನೆಯ ದೊಡ್ಡ ರೇಸ್ ಬೆಲ್‌ಗ್ರೇಡ್‌ನಲ್ಲಿ, 1939ರ ಸೆಪ್ಟೆಂಬರ್ 3ರಂದು ನಡೆಯಿತು. ಆಟೋ ಯೂನಿಯನ್ ಚಾಲಕ ನುವೊಲಾರಿ ಗೆದ್ದ. ಬ್ರಿಟನ್ ಯುದ್ಧ ಸಾರಿದ್ದೂ ಅದೇ ದಿನ. ಆಮೇಲೆ ಪೆಟ್ರೋಲ್ ಸೈನ್ಯಕ್ಕೆ. ಮರ್ಸಿಡಿಸ್ ತಯಾರಿಸುತ್ತಿದ್ದ ಡೈಮ್ಲರ್-ಬೆಂಜ್ ಕಂಪನಿ ಮೆಸ್ಸರ್ಷ್ಮಿಟ್ ಯುದ್ಧವಿಮಾನಕ್ಕೆ ಎಂಜಿನ್ ಮಾಡುತ್ತಿತ್ತು. ಬಲವಂತವಾಗಿ ಹಿಡಿದು ತಂದವರನ್ನೂ ದುಡಿಸಿಕೊಂಡಿತು. ಅಂಥ ಹೊತ್ತಿನಲ್ಲಿ ರೇಸ್ ಕಾರು ಮಾಡುವ ಚೊಕ್ಕ ಕಾರ್ಖಾನೆ ತೋರಿಸಿದರೆ, ಹೊರಗಿಟ್ಟದ್ದು ಎಷ್ಟು ಅಂತ ಲೆಕ್ಕ ಹಾಕಿ. ಸಿನಿಮಾ ನೋಡಬೇಡಿ ಅಂತ ನಾನು ಹೇಳುತ್ತಿಲ್ಲ. ತಾರೀಖು ಪಕ್ಕದಲ್ಲಿಟ್ಟುಕೊಂಡು ನೋಡಿ.

ಪ್ರಶ್ನೆ: 1934ರಲ್ಲಿ ತೂಕ ಇಳಿಸಲು ಬಿಳಿ ಬಣ್ಣ ಕೆರೆದಾಗಲೇ ‘ಸಿಲ್ವರ್ ಆ್ಯರೋ’ (ಬೆಳ್ಳಿ ಬಣ್ಣದ ಜರ್ಮನ್ ರೇಸ್ ಕಾರುಗಳ ಅಡ್ಡಹೆಸರು) ಹುಟ್ಟಿತಂತೆ?

ಉತ್ತರ: ಮರ್ಸಿಡಿಸ್ ತಂಡದ ಮ್ಯಾನೇಜರ್ ನಾಯ್ಬಾವರ್ ಹೇಳಿದ ಕಥೆ. ಆದರೆ 1932ರಲ್ಲೇ ಬರ್ಲಿನ್‌ನ ಆವುಸ್ ರೇಸ್ ಟ್ರ್ಯಾಕ್‌ನಲ್ಲಿ ಚಾಲಕ ಬ್ರೌಖಿಚ್ ಬಣ್ಣ ಬಳಿಯದ ಬೆಳ್ಳಿ ಮೈಯ ಮರ್ಸಿಡಿಸ್ ಓಡಿಸಿ ಗೆದ್ದಿದ್ದ. ಸಾಕು.

ಪ್ರಶ್ನೆ: ‘ನಿಷೇಧಿತ ನಾಜಿ ಕ್ರೈಂ ಸಿನಿಮಾ, ಒರಿಜಿನಲ್ ಕಲರ್’ ಅಂತ ಒಬ್ಬರು ಮಾರುತ್ತಿದ್ದಾರೆ. ಕೊಳ್ಳಲೇ?

ಉತ್ತರ: ಬೇಡ. ಜರ್ಮನಿಯಲ್ಲಿ ಇವತ್ತಿಗೂ ನಿರ್ಬಂಧ ಇರುವುದು ಸುಮಾರು 40 ಚಿತ್ರಗಳಿಗೆ. ಅವನ್ನೂ ಪರಿಚಯ, ಚರ್ಚೆ ಇಟ್ಟುಕೊಂಡು ತೋರಿಸುತ್ತಾರೆ. ಬಣ್ಣದ ಮೊದಲ ಜರ್ಮನ್ ಕಥಾಚಿತ್ರ ತೆರೆಗೆ ಬಂದದ್ದೇ 1941ರಲ್ಲಿ. ಆಮೇಲೂ ಅಂಥವು ಬೆರಳೆಣಿಕೆಯಷ್ಟು. ನಿಮ್ಮ ವ್ಯಾಪಾರಿಯ ‘ಒರಿಜಿನಲ್ ಕಲರ್’ ಬಹುಶಃ ಅವನ ಕಂಪ್ಯೂಟರ್‌ದು.