ಪ್ರತಿಕ್ರಿಯೆ: ಲಗ್ನಪತ್ರಿಕೆಯ ನೀಲಿ ನೇರಳೆಯಾಗಿದ್ದು ಯಾಕೆ?
ಮಂಡ್ಯದಲ್ಲಿ ಆಫ್‌ಸೆಟ್ ಹಾಕಿಸಿದ ಲಗ್ನಪತ್ರಿಕೆಯ ನೀಲಿ ನೇರಳೆಗೆ ತಿರುಗಿದೆ, ಪ್ರೆಸ್ಸಿನವರ ತಪ್ಪೇ ಅಂತ ಕೇಳಿದ್ದೀರಿ ಸರ್. ನನಗೆ ಅನುಮಾನ ಫೈಲಿನ ಮೇಲೆ. ಆರ್‌ಜಿಬಿಯ (ಪರದೆಯ ಕೆಂಪು-ಹಸಿರು-ನೀಲಿ ಬೆಳಕಿನ ಪದ್ಧತಿ) ಅಚ್ಚನೀಲಿಯನ್ನು ಸಿಎಂವೈಕೆಗೆ (ಅಚ್ಚಿನ ನಾಲ್ಕು ಇಂಕು: ತಿಳಿನೀಲಿ ಸಯಾನ್, ಗಾಢ ಗುಲಾಬಿ ಮೆಜೆಂಟಾ, ಹಳದಿ, ಕಪ್ಪು) ಹಾಗೇ ಬದಲಿಸಿದರೆ ಸಯಾನ್ ಶೇ. 88, ಮೆಜೆಂಟಾ ಶೇ. 77ರ ಆಸುಪಾಸು ಬರುತ್ತೆ. ಎರಡೂ ಇಷ್ಟು ಹತ್ತಿರವಿದ್ದರೆ ನೇರಳೆಯೇ ಗತಿ. ಮೆಷಿನ್ನಿನಲ್ಲಿ ಮೆಜೆಂಟಾ ಕೊಂಚ ಏರಿದರಂತೂ ಮುಗೀತು. ಸಯಾನ್ 100 ಇಟ್ಟು ಮೆಜೆಂಟಾವನ್ನು 60–65ಕ್ಕೆ ಇಳಿಸಿ. ಪರದೆ ಮೇಲಿನ ಆ ಹೊಳಪು ಮಾತ್ರ ನಾಲ್ಕು ಬಣ್ಣದಲ್ಲಿ ಸಿಗಲ್ಲ, ಬೇಕೇಬೇಕಂದ್ರೆ ಸ್ಪಾಟ್ ಇಂಕಿಗೆ (ಮೊದಲೇ ಬೆರೆಸಿದ ಪ್ರತ್ಯೇಕ ಬಣ್ಣ) ಬೇರೆ ಪ್ಲೇಟ್ ಹಾಕಿಸಬೇಕು.

ಕೋಟಿಂಗ್ ಇಲ್ಲದ ಕಾಗದವಾದರೆ ನಾಲ್ಕೂ ಇಂಕಿನ ಶೇಕಡಾ ಪ್ರಮಾಣ ಕೂಡಿಸಿದರೆ 300 ದಾಟಬಾರದು, ದಾಟಿದರೆ ಒಣಗದೆ ಮೇಲಿನ ಹಾಳೆಯ ಬೆನ್ನಿಗೆ ಮೆತ್ತಿಕೊಳ್ಳುತ್ತೆ. ಸಣ್ಣ ಅಕ್ಷರ ಬರೀ ಕಪ್ಪು 100ರಲ್ಲಿರಲಿ. ಮತ್ತೆ, ವಾಟ್ಸಾಪ್ ಚಿತ್ರ ನೋಡಿ ಓಕೆ ಅನ್ನಬೇಡಿ, ಅದೇ ಕಾಗದದ ಮೇಲೆ ಪ್ರೂಫ್ (ಮಾದರಿ ಅಚ್ಚು) ಕೇಳಿ.